ಕುಡಿ ಅಂದರೆ ಬಲಕ್ಕೆ

ನಮ್ಮ ಕೂಕಟ್‌ಪಲ್ಲಿಯ ಫ್ಲ್ಯಾಟಿನ ಹಿಂದಿನ ಬಾಲ್ಕನಿಯಲ್ಲಿ, ಪಾತ್ರೆ ತೊಳೆದ ನೀರು ಹೋಗುವ ತೂತಿನ ಮೇಲೆ ಒಂದು ತಗಡು ಮುಚ್ಚಿದ್ದೇನೆ. ಜಿರಲೆ ತಗಡನ್ನು ಸರಿಸಿಕೊಂಡು ಬರಬಾರದೆಂದು ಅದರ ಮೇಲೊಂದು ಕಲ್ಲು. ತಗಡಿಗೆ ಬಿಳಿ ಬಣ್ಣ, ಬಿಳಿಯ ಮೇಲೆ ಕೆಂಪಗೆ ದೊಡ್ಡದೊಂದು 'ಎಲ್' ಅಕ್ಷರ. ಕಾರು ಕಲಿಯುವವರು ಗಾಡಿಗೆ ಕಟ್ಟಿಕೊಳ್ಳುವ ಫಲಕ ಅದು. ನಮ್ಮದು ರಸ್ತೆಯನ್ನು ಒಂದು ದಿನವೂ ಕಂಡಿಲ್ಲ, ಜಿರಲೆಗಳನ್ನು ಮಾತ್ರ ತಡೆಯುತ್ತದೆ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ ಎಂದು ಒಪ್ಪಿಕೊಳ್ಳಬೇಕು.

ಮೊನ್ನೆ ಬಾಲ್ಕನಿ ತೊಳೆಯುವಾಗ ಕಲ್ಲು ಸರಿಸಿ ತಗಡು ಎತ್ತಿದೆ. ಬಣ್ಣ ಅಲ್ಲಲ್ಲಿ ಎದ್ದಿತ್ತು, ಅಕ್ಷರ ಮಾತ್ರ ಗಟ್ಟಿಯಾಗಿತ್ತು. ನನಗೆ ನಗು ಬರಬೇಕಿತ್ತು. ನಾನು ಮತ್ತು ಕಾರು ಎಂಬ ವಿಷಯ ಬಂದರೆ ಈ ಊರಿನಲ್ಲಿ ನನ್ನನ್ನು ಬಲ್ಲವರೆಲ್ಲರೂ ನಗುತ್ತಾರೆ. ನಗದವಳು ನಾನೊಬ್ಬಳೇ. ಯಾಕೆಂದು ಹೇಳುತ್ತೇನೆ, ಆದರೆ ಅದಕ್ಕೆ ನೀವು ಮೊದಲು ನಮ್ಮಪ್ಪನ ಸೈಕಲ್ ಹತ್ತಬೇಕಾಗುತ್ತದೆ.

ಅಪ್ಪ ಕೊಪ್ಪಳದ ಕಡೆಯಿಂದ ಸರಕಾರಿ ನೌಕರಿಗೆ ಹೈದರಾಬಾದಿಗೆ ಬಂದವರು. ಮನೆ ಕಾಚಿಗೂಡದಲ್ಲಿ, ಕಚೇರಿ ಹಿಮಾಯತ್‌ನಗರದಲ್ಲಿ, ನಡುವಿನ ದಾರಿಯಲ್ಲಿ ನನ್ನ ಶಾಲೆ. ಸೈಕಲ್ಲಿನ ಮುಂದಿನ ದಂಡದ ಮೇಲೆ ಟವೆಲ್ ಮಡಚಿ ಹಾಕಿ ನನ್ನನ್ನು ಕೂರಿಸುತ್ತಿದ್ದರು. ಪ್ರತಿ ತಿರುವು ಬಂದಾಗಲೂ ಒಂದು ಪರೀಕ್ಷೆ.

"ಯಾವ ಕಡೆ ತಿರಗೂಣು?"

"ಬಲಕ್ಕ."

"ತೆಲುಗಿನ್ಯಾಗ?"

"ಕುಡಿ."

"ಸಾಬರ ಭಾಷಾದಾಗ?"

"ಸೀಧಾ ಹಾತ್."

ಸೀಧಾ ಹಾತ್ ಎಂದರೆ ಉರ್ದುವಿನಲ್ಲಿ ಬಲಗೈ. ಮೂರೂ ಸರಿಯಾದರೆ ಹ್ಯಾಂಡಲ್ ತಿರುಗುತ್ತಿತ್ತು. ತಪ್ಪಿದರೆ ಅಪ್ಪ ತಿರುಗಿಸದೆ ನೆಟ್ಟಗೆ ಹೋಗಿಬಿಡುತ್ತಿದ್ದರು. ನಾನು ಅತ್ತರೂ ಹೋಗುತ್ತಿದ್ದರು. ಮುಂದಿನ ಸಂದಿಯಿಂದ ಸುತ್ತಿಕೊಂಡು ಬರುವ ಹೊತ್ತಿಗೆ ಶಾಲೆಯ ಪ್ರಾರ್ಥನೆ ಮುಗಿದಿರುತ್ತಿತ್ತು. "ಈ ಊರಾಗ ಮೂರು ಭಾಷಾದಾಗ ದಾರಿ ಗೊತ್ತಿರಬೇಕವ್ವ. ಇಲ್ಲಾಂದ್ರ ನಮ್ಮ ಮಂದಿ ಮನಿಗಷ್ಟ ಹೋಗಾಕ ಬರ್ತೈತಿ, ಬ್ಯಾರೆ ಎಲ್ಲೂ ಇಲ್ಲ" ಎನ್ನುವುದು ಅವರ ವಾದ. ಹೀಗಾಗಿ ಮಗ್ಗಿ ಬಾಯಿಗೆ ಬರುವ ಮೊದಲೇ ನನಗೆ ತೆಲುಗಿನ 'ಕುಡಿ' ಎಂದರೆ ಬಲಗಡೆ ಎಂದು ಗೊತ್ತಿತ್ತು. ಇದೊಂದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ನೆನಪಿಡಬೇಕಾಗಿದ್ದವರು ಯಾರೂ ಇಟ್ಟುಕೊಳ್ಳಲಿಲ್ಲ.

ಸೈಕಲ್ಲಿನ ದಂಡಕ್ಕೆ ನಾನು ಭಾರವಾದ ಮೇಲೆ ಬಸ್ಸು ಬಂತು, ಬಸ್ಸಿನ ನಂತರ ಏಳು ಸೀಟಿನ ಆಟೋ. ಏಳು ಎನ್ನುವುದು ಬರೀ ಹೆಸರಿಗೆ. ಡ್ರೈವರ್ ತನ್ನ ಸೀಟಿನ ಎಡಕ್ಕೊಬ್ಬರನ್ನು ಬಲಕ್ಕೊಬ್ಬರನ್ನು ಕೂರಿಸಿಕೊಂಡು, ತಾನು ನಡುವೆ ಒಂಟಿ ತೊಡೆಯ ಮೇಲೆ ಕೂತು ಓಡಿಸುತ್ತಿದ್ದ. ಒಳಗೆ ನನ್ನ ಮಡಿಲಲ್ಲಿ ಯಾರದೋ ಮಗು, ಪಾದದ ಮೇಲೆ ಯಾರದೋ ಗೋಣಿಚೀಲ. "ಹಲ್ಲು ಬೈಠೋ ಅಮ್ಮಾ, ಹಲ್ಲು" ಎಂದು ಅವನು ಹೇಳಿದರೆ ಮೆಲ್ಲಗೆ ಕೂತುಕೋ ಎಂದರ್ಥ. ಹೊಸದಾಗಿ ಬಂದ ಕನ್ನಡದವರು ಬಾಯಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಸೊಂಟ ನೋಯುತ್ತಿತ್ತು, ಸೀರೆಯ ಇಸ್ತ್ರಿ ಹಾಳಾಗುತ್ತಿತ್ತು, ಆದರೆ ಎಲ್ಲಿ ಇಳಿಯಬೇಕೆಂದು ನಾನೇ ಹೇಳುತ್ತಿದ್ದೆ, ಹೇಳಿದಲ್ಲಿ ಗಾಡಿ ನಿಲ್ಲುತ್ತಿತ್ತು. ಆಗ ಅದೊಂದು ದೊಡ್ಡ ವಿಷಯ ಎಂದು ಅನಿಸಿರಲಿಲ್ಲ.

ಊರಿನ ಹೊರಗಿನ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲದಲ್ಲಿ ನಮ್ಮವರು ಮೈಸೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಇಲ್ಲಿಗೆ ಬಂದರು. ನಮ್ಮವರು ಎಂದರೆ ನನ್ನ ಗಂಡ. ಬಂದ ಹೊಸದರಲ್ಲಿ ಆಫೀಸಿನ ಹುಡುಗನೊಬ್ಬ "ನೇನು ಬಂಡಿ ಮೀದ ವಚ್ಚಾ" ಎಂದನಂತೆ, ನಾನು ಬಂಡಿಯ ಮೇಲೆ ಬಂದೆ ಎಂದು. ಈ ಊರಿನಲ್ಲಿ ಸ್ಕೂಟರೂ ಬಂಡಿಯೇ, ಕಾರೂ ಬಂಡಿಯೇ. ಇವರು ಎತ್ತು ಎಲ್ಲಿ ಕಟ್ಟಿದ್ದಾನೆಂದು ಕಿಟಕಿಯಿಂದ ಬಗ್ಗಿ ನೋಡಿದರಂತೆ. ಮದುವೆಯಾದ ವಾರದಲ್ಲಿ ಇದನ್ನು ನನಗೆ ಹೇಳಿ ತಾವೇ ನಕ್ಕಿದ್ದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತೇ ಇರಬೇಕು. ಆದರೆ ವರ್ಷ ಕಳೆಯುವುದರೊಳಗೆ ಅದೇ ಕಥೆಯಲ್ಲಿ ಕಿಟಕಿಯಿಂದ ಬಗ್ಗಿ ನೋಡಿದವನು ಅವರ ಜೊತೆಗಿದ್ದ ಮಂಗಳೂರಿನ ರೂಮ್‌ಮೇಟ್ ಆಗಿದ್ದ. ಕಥೆ ಹೇಳುವವರಿಗೆ ಇಷ್ಟು ಸ್ವಾತಂತ್ರ್ಯ ಇರಬೇಕು ಎಂದು ನಾನು ಸುಮ್ಮನಿದ್ದೆ. ರೂಮ್‌ಮೇಟಿಗೆ ಏನನಿಸಿತೋ ಕೇಳಬಹುದಾಗಿತ್ತು.

ಆ ವರ್ಷಗಳಲ್ಲಿ ಕಾರು ಎನ್ನುವುದು ಸೀತಾಳೆ ಸಿಡುಬಿನಂತೆ ಮನೆಯಿಂದ ಮನೆಗೆ ಹಬ್ಬಿತು. ನಾವು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಮಕ್ಕಳು ಕ್ರಿಕೆಟ್ ಆಡುತ್ತಿದ್ದ ಜಾಗಕ್ಕೆಲ್ಲ ಕಾರು ನಿಲ್ಲಿಸುವ ಹಳದಿ ಗೆರೆ ಬಿತ್ತು. ಅದುವರೆಗೆ ಮೊಸರಿಗೆ ಹೆಪ್ಪು ಕೇಳಿಕೊಂಡು ಬರುತ್ತಿದ್ದ ನೆರೆಯವರು ಹಳದಿ ಗೆರೆಯ ಸಲುವಾಗಿ ಮಾತು ಬಿಟ್ಟರು. ನಾವೂ ಕಾರು ಕೊಳ್ಳುವುದೆಂದು ತೀರ್ಮಾನವಾಯಿತು. ನಾನೂ ಓಡಿಸಲು ಕಲಿಯುತ್ತೇನೆ ಎಂದೆ. "ಕಲಿ ಕಲಿ, ಒಳ್ಳೇದೇ" ಎಂದರು ನಮ್ಮವರು. ಆ ಮಾತಿಗೆ ಅವರು ಇವತ್ತಿಗೂ ಬದ್ಧರು. ಕಲಿಯಬೇಡ ಎಂದು ಅವರು ಎಂದೂ ಹೇಳಿಲ್ಲ.

ಕಲಿಸಲು ಬಂದವನು ಡ್ರೈವಿಂಗ್ ಸ್ಕೂಲಿನ ಯಾದಗಿರಿ ಎಂಬ ಮಾಸ್ತರ. ತೆಲುಗು ಬಿಟ್ಟರೆ ಬೇರೆ ಬರುತ್ತಿರಲಿಲ್ಲ, ನನಗೆ ಬೇರೆ ಬೇಕಾಗಿಯೂ ಇರಲಿಲ್ಲ. ಮೊದಲ ಭಾನುವಾರ ನಮ್ಮವರು ತಾವೂ ಬರುತ್ತೇನೆಂದು ಹಿಂದಿನ ಸೀಟಿನಲ್ಲಿ ಕೂತರು. ಬೇಸಿಗೆ, ತೊಡೆಯ ಮೇಲೊಂದು ನೀರಿನ ಬಾಟಲಿ. ಹೌಸಿಂಗ್ ಬೋರ್ಡ್ ಕಾಲೊನಿಯ ಒಳರಸ್ತೆಯಲ್ಲಿ ನಾನು ಚೆನ್ನಾಗಿಯೇ ಹೋಗುತ್ತಿದ್ದೆ, ನಂಬಿ. ತಿರುವು ಬಂತು. ಯಾದಗಿರಿ "ಕುಡಿ, ಕುಡಿ ಅಮ್ಮಾ, ಕುಡಿ" ಎಂದ. ನಾನು ಸ್ಟೀರಿಂಗ್ ಬಲಕ್ಕೆ ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು, ಮುಚ್ಚಳ ತೆಗೆದ ಬಾಟಲಿ ನನ್ನ ಮೂಗಿಗೆ ಬಡಿಯಿತು.

"ಕುಡಿಯೇ, ಪಾಪ ಅಷ್ಟು ಹೇಳ್ತಿದ್ದಾನೆ" ಎಂದರು ನಮ್ಮವರು.

ನೀರು ಕಣ್ಣಿಗೆ, ಮೂಗಿಗೆ, ಮಡಿಲಿಗೆ. ಕಾರು ಎಡಕ್ಕೆ ಹೋಗಿ, ಯಾರೋ ಮನೆ ಕಟ್ಟಿಸಲು ಸುರಿಸಿದ್ದ ಮರಳಿನ ಗುಡ್ಡೆಗೆ ಮೂತಿ ಹೂತು ನಿಂತಿತು. ಯಾದಗಿರಿ ತನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟೇ ಹಿಂದಕ್ಕೆ ತಿರುಗಿ, "ನೀಳ್ಳೆಂದುಕು ಸಾರ್ ಇಪ್ಪುಡು?" ಎಂದು ಕೇಳಿದ. ಈಗ ನೀರು ಯಾಕೆ ಎಂದು. ಕುಡಿಯ ಅರ್ಥ ನಾನು ಇಬ್ಬರಿಗೂ ಹೇಳಿದೆ. ನಮ್ಮವರು ಬಾಟಲಿಯ ಮುಚ್ಚಳ ಹುಡುಕುತ್ತಾ ಬಹಳ ಹೊತ್ತು ಬಗ್ಗಿಯೇ ಇದ್ದರು.

ಮುಂದಿನ ಭಾನುವಾರ ಅವರ ಆಫೀಸಿನವರು ಊಟಕ್ಕೆ ಬಂದರು. ಎಲ್ಲ ಬೆಂಗಳೂರು, ಮೈಸೂರು, ಉಡುಪಿ ಕಡೆಯ ಹುಡುಗರು. ನಾನು ಒಳಗೆ ಹಪ್ಪಳ ಕರಿಯುತ್ತಿದ್ದೆ. ಹೊರಗಿನಿಂದ ನಮ್ಮವರ ದನಿ ಕೇಳಿತು. "ಅವನು ಕುಡಿ ಕುಡಿ ಅಂತಾನೆ ಕಣ್ರೋ. ಇವಳು ಸ್ಟೀರಿಂಗ್ ಬಿಟ್ಟು, ಬಾಟ್ಲಿ ಎತ್ತಿಕೊಂಡು ಗಟಗಟ ಕುಡಿಯೋದೇ!" ನಗುವಿನ ಅಲೆಗೆ ಅಡುಗೆಮನೆಯ ಪರದೆ ಅಲುಗಾಡಿತೇನೋ ಎನಿಸಿತು. ನಾನು ಹಪ್ಪಳದ ತಟ್ಟೆ ಹಿಡಿದು ಹೊರಗೆ ಬಂದಾಗ ಒಬ್ಬ ಹುಡುಗ ಕಣ್ಣೊರೆಸಿಕೊಳ್ಳುತ್ತಾ, "ಅತ್ತಿಗೆ, ನಿಜಾನಾ?" ಎಂದು ಕೇಳಿದ. ನಾನು ನಮ್ಮವರ ಮುಖ ನೋಡಿದೆ. ಹೊಸದಾಗಿ ಟೀಮ್ ಲೀಡ್ ಆಗಿದ್ದರು, ಎಲ್ಲರೂ ಅವರ ಕೈಕೆಳಗಿನವರು. ನಾನೂ ನಕ್ಕೆ. ಅತಿಥಿಗಳು ಹೋದಮೇಲೆ ಕೇಳಿದ್ದಕ್ಕೆ, "ತಮಾಷೆಗೆ ಕಣೇ, ಹಾಗೆ ಹೇಳಿದ್ರೇ ಚೆನ್ನಾಗಿರೋದು" ಎಂದರು. ಚೆನ್ನಾಗಿರುವುದು ನಿಜವೇ. ಬಾಟಲಿ ನಾನೇ ಎತ್ತಿದರೆ ಕಥೆ ಚಿಕ್ಕದಾಗುತ್ತದೆ, ಚುರುಕಾಗುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ನಾನು ಉಳಿದ ಪಾಠಗಳನ್ನೆಲ್ಲ ಮುಗಿಸಿ, ಎಂಟರ ಆಕಾರದಲ್ಲಿ ಗಾಡಿ ಸುತ್ತಿಸಿ ತೋರಿಸಿ ಲೈಸೆನ್ಸ್ ತಂದೆ. ಕಾರು ಬಂತು. ಲೈಸೆನ್ಸ್ ಇದ್ದವರಿಗೆ ಎಲ್ ಬೋರ್ಡ್ ಬೇಕಿಲ್ಲ, ಆದರೂ ಹಿಂದೆ ಬರುವವರು ಒಂದಿಷ್ಟು ದೂರ ಇರಲಿ ಎಂದು ನಾನೇ ಹೋಗಿ ಆ ತಗಡನ್ನು ಕೊಂಡು ತಂದೆ. "ಕೀಲಿ ಕೊಡ್ರಿ" ಎಂದು ಕೇಳಿದಾಗೆಲ್ಲ ನಮ್ಮವರು ಒಂದೇ ಪದ ಹೇಳಿ ನಗುತ್ತಿದ್ದರು. "ಕುಡಿ." ಬೇಡ ಎನ್ನಲಿಲ್ಲ, ಬೈಯಲಿಲ್ಲ. ನಗುವವರ ಜೊತೆ ಜಗಳ ಆಡುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗಿತ್ತು.

ನಮ್ಮ ಕಾರಿಗೆ ಎಡಗಡೆಯ ಹೊರಗನ್ನಡಿ ಇರಲಿಲ್ಲ. ಕಡಿಮೆ ದರ್ಜೆಯ ಮಾಡೆಲ್ಲುಗಳಿಗೆ ಆಗ ಕೊಡುತ್ತಿರಲಿಲ್ಲ. ಆ ಕೆಲಸಕ್ಕೆ ನಾನಿದ್ದೆ. "ಎಡಗಡೆ ನೋಡು", "ಆಟೋ ಬಂತಾ?", "ಈಗ ಹೋಗಬಹುದಾ?" ಫ್ಲೈಓವರಿನ ಗುಂಡಿ, ಎಮ್ಮೆ, ಆಫೀಸಿನ ಹುಡುಗರನ್ನು ತುಂಬಿಕೊಂಡು ನುಗ್ಗುವ ಬಿಳಿ ಕ್ಯಾಬು, ಎಲ್ಲವನ್ನೂ ವರದಿ ಮಾಡುತ್ತಾ ಈ ಊರನ್ನೆಲ್ಲ ಎಡಗಣ್ಣಿನಿಂದ ಸುತ್ತಿದೆ. ಲೈಸೆನ್ಸಂತೂ ಬಹಳ ಉಪಯೋಗಕ್ಕೆ ಬಂತು. ಸಿಮ್ ಕಾರ್ಡ್ ಕೊಳ್ಳುವಾಗ, ಕಾಚಿಗೂಡದಿಂದ ರೈಲು ಹತ್ತುವಾಗ ಅದನ್ನೇ ತೋರಿಸುತ್ತಿದ್ದೆ. ಒಂದೇ ಒಂದು ಸಲ, ನಮ್ಮವರು ಊರಲ್ಲಿಲ್ಲದಾಗ, ನೀರಿನ ಟ್ಯಾಂಕರಿಗೆ ದಾರಿ ಬಿಡಲು ಸೆಲ್ಲಾರಿನಲ್ಲಿ ಕಾರನ್ನು ಎರಡು ಕಂಬಗಳ ನಡುವೆ ಸರಿಸಿ ನಿಲ್ಲಿಸಿದೆ. ನಮ್ಮ ಸ್ವಂತ ಕಾರನ್ನು ಓಡಿಸಿ ನಾನು ಮಾಡಿದ ಪ್ರಯಾಣ ಅಷ್ಟೇ, ಅದೂ ಹಿಂದಕ್ಕೆ.

ನನಗಿಂತ ಹೆಚ್ಚು ಆಸೆ ಇದ್ದದ್ದು ಅಪ್ಪನಿಗೆ. ಆಗ ರಿಟೈರಾಗಿ, ಅಮ್ಮ ಹೋದಮೇಲೆ, ಕಾಚಿಗೂಡದ ಅದೇ ಬಾಡಿಗೆ ಮನೆಯಲ್ಲಿದ್ದರು. ಇಡೀ ಜನ್ಮ ಸೈಕಲ್ ತುಳಿದ ಮನುಷ್ಯ. "ನೀ ಕಾರ್ ಹೊಡಿಬೇಕು, ನಾ ನಿನ್ನ ಬಾಜೂಕ ಕೂಡಬೇಕು. ಹಿಮಾಯತ್‌ನಗರ ತನಕ ಹೋಗಿ, ಒಂದು ದೋಸೆ ತಿಂದು ಬರೂಣು. ಅಷ್ಟ ಸಾಕು ನನಗ" ಎನ್ನುತ್ತಿದ್ದರು. "ದಾರಿ ಯಾರು ಹೇಳ್ತಾರಪ್ಪ?" ಎಂದರೆ, "ನಾ ಕೇಳ್ತೀನಿ, ನೀ ಹೇಳು" ಎನ್ನುತ್ತಿದ್ದರು.

ಮುಂದೆ ನಾವು ಕೊಂಡ ಈ ಫ್ಲ್ಯಾಟಿನ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ನಮ್ಮವರು ಕುಡಿ ಕಥೆ ತೆಗೆದರು. ಆ ಹೊತ್ತಿಗೆ ಕಥೆ ಬೆಳೆದು ನಿಂತಿತ್ತು. ಮರಳಿನ ಗುಡ್ಡೆಯ ಜಾಗದಲ್ಲಿ ಸೀಬೆಹಣ್ಣಿನ ತಳ್ಳುಗಾಡಿ ಬಂದಿತ್ತು, ಹಣ್ಣುಗಳು ರಸ್ತೆಯ ತುಂಬ ಉರುಳುತ್ತಿದ್ದವು. ನಾನು ಪಾಯಸದ ಪಾತ್ರೆ ಹಿಡಿದು ನಿಂತು ಅಪ್ಪನನ್ನೇ ನೋಡಿದೆ. ಇಷ್ಟು ಜನರಲ್ಲಿ ಅವರೊಬ್ಬರಿಗೆ ಗೊತ್ತು. ಈಗ ಹೇಳುತ್ತಾರೆ, ನನ್ನ ಮಗಳಿಗೆ ಕುಡಿ ಗೊತ್ತಿಲ್ಲವೇನ್ರಿ, ಸೈಕಲ್ ಮ್ಯಾಲೆ ಕೂಡಿಸಿ ಕಲಿಸೀನಿ ಎಂದು ಹೇಳಿಯೇ ಹೇಳುತ್ತಾರೆ. ಅಪ್ಪ ನಕ್ಕರು. ಪಕ್ಕದವರ ಭುಜ ಹಿಡಿದುಕೊಂಡು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಉಳಿದವರೆಲ್ಲ ನಿಲ್ಲಿಸಿದ ಮೇಲೂ ನಕ್ಕರು.

ಸಂಜೆ ಬಸ್ ನಿಲ್ದಾಣದ ತನಕ ಬಿಡಲು ಹೋದಾಗ ಕೇಳಿದೆ. "ನಿಮಗ ಗೊತ್ತಿತ್ತಲ್ಲಪ್ಪ?"

"ಗೊತ್ತಿಲ್ದ ಏನವ್ವ. ನಾನ ಕಲಿಸೀನಿ."

"ಮತ್ತ ಯಾಕ ನಕ್ರಿ?"

ಅಪ್ಪ ಧೋತರದ ಚುಂಗು ಎತ್ತಿ ಹಿಡಿದು ನಡೆಯುತ್ತಲೇ ಹೇಳಿದರು. "ಅಳಿಯಂದ್ರು ನಾಕು ಮಂದ್ಯಾಗ ಮಾತಾಡಾಕತ್ತಿದ್ರು. ಹೆಣ್ಣು ಕೊಟ್ಟಾಂವ ನಾ. ಅವರ ಮಾತು ಸುಳ್ಳಂತ ಹೆಂಗ ಹೇಳ್ಲಿ? ನಗೂದು ಛಲೋ ಅನಿಸ್ತು." ಆಮೇಲೆ, "ಆಫೀಸಿನವ್ರ ಮುಂದ ನೀನೂ ನಕ್ಕಿದ್ದಿಯಂತಲ್ಲ" ಎಂದರು. ಬಸ್ಸು ಬಂತು, ಅವರು ಹತ್ತಿದರು. ಅಳಿಯನ ಮರ್ಯಾದೆಗೆ ಅಪ್ಪ, ಗಂಡನ ಮರ್ಯಾದೆಗೆ ನಾನು, ಹೀಗೆ ಇಬ್ಬರೂ ಸೇರಿ ಒಂದು ಸುಳ್ಳಿಗೆ ಸಾಕ್ಷಿ ಹೇಳಿದ್ದೆವು. ಆ ದಿನ ನನಗೆ ನಮ್ಮವರಿಗಿಂತ ಅಪ್ಪನ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು.

ಕೆಲವು ವರ್ಷಗಳ ಮೇಲೆ ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದೆವು. ಹೊರಗೆ ಓಡಾಡಬಹುದು ಎಂದು ಡಾಕ್ಟರು ಹೇಳಿದ ದಿನವೇ ಫೋನ್ ಮಾಡಿದರು. "ಹೊಸ ಕಣ್ಣು ಬಂದಾವ. ಶನಿವಾರ ಹಿಮಾಯತ್‌ನಗರಕ್ಕ ಹೋಗೂಣೇನು? ನೀ ಗಾಡಿ ತಗೊಂಡು ಬಾ." ಬರುತ್ತೇನೆ ಎಂದೆ. ಈ ಸಲ ಬಂದೇ ಬರುತ್ತೇನೆ ಎಂದು ಕನ್ನಡಿಯ ಮುಂದೆ ನಿಂತು ಹೇಳಿಕೊಂಡೆ. ಶನಿವಾರ ನಮ್ಮವರು ಮನೆಯಲ್ಲೇ ಇದ್ದರು, ಫೋನಿನಲ್ಲಿ ಮೀಟಿಂಗು. ಕಾರು ಸೆಲ್ಲಾರಿನಲ್ಲಿ ಹೊದ್ದುಕೊಂಡು ಮಲಗಿತ್ತು, ಕೀಲಿ ಅವರ ಪ್ಯಾಂಟಿನ ಜೇಬಿನಲ್ಲಿತ್ತು.

"ಕೀಲಿ ಕೊಡ್ರಿ. ಅಪ್ಪನ್ನ ಕರಕೊಂಡು ಹೋಗಬೇಕು."

ನಮ್ಮವರು ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, "ಬಾಟ್ಲಿ ಮರೀಬೇಡ ಮತ್ತೆ" ಎಂದರು. ಅಂಗೈ ಸರಿಯಾಗಿ ಮುಚ್ಚಿರಲಿಲ್ಲ. ಆ ಕಡೆಯವರೆಲ್ಲ ಕಥೆ ಬಲ್ಲವರೇ, ನಗು ನನ್ನ ತನಕ ಕೇಳಿತು. ನಾನು ಕೈ ಚಾಚಿ ನಿಂತೇ ಇದ್ದೆ. "ಆ ಟ್ರಾಫಿಕ್ಕಲ್ಲಿ ನಿನ್ನ ಕೈಲಾಗಲ್ಲ ಕಣೇ. ಕಣ್ಣು ಆಪರೇಷನ್ ಆದವರನ್ನ ಕೂರಿಸಿಕೊಂಡು ಬೇರೆ. ಮುಂದಿನ ವಾರ ನಾನೇ ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಮತ್ತೆ ಇಂಗ್ಲಿಷಿಗೆ ತಿರುಗಿಕೊಂಡರು. ಜೇಬಿಗೆ ಕೈ ಹಾಕಿ ಕಿತ್ತುಕೊಳ್ಳಬೇಕಿತ್ತು ಎಂದು ನೀವು ಹೇಳಬಹುದು. ನಾನೂ ನನಗೆ ಅದನ್ನು ಬಹಳ ಸಲ ಹೇಳಿಕೊಂಡಿದ್ದೇನೆ.

ಆಟೋ ಕಾಚಿಗೂಡದ ಓಣಿಗೆ ತಿರುಗಿದಾಗ ಅಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಡಾಕ್ಟರು ಕೊಟ್ಟ ಕರಿ ಕನ್ನಡಕ. ನಾನು ಇಳಿದು ಬಂದರೂ ಅವರು ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಓಣಿಯ ತಿರುವಿನ ಕಡೆ ನೋಡುತ್ತಿದ್ದರು.

"ಗಾಡಿ ಎಲ್ಲಿ ನಿಲ್ಲಿಸಿದಿ?"

"ಆಟೋದಾಗ ಬಂದೆಪ್ಪ."

ಇನ್ನೊಮ್ಮೆ ತಿರುವಿನ ಕಡೆ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಇರ್ಲಿ ಬಿಡು. ಬಿಸಲು ಭಾಳ ಐತಿ. ನೀ ಗಾಡಿ ತಂದಾಗ ಹೋಗೂಣು" ಎಂದು ಕುರ್ಚಿ ಎತ್ತಿಕೊಂಡು ಒಳಗೆ ನಡೆದರು. ಆಟೋದಲ್ಲೇ ಹೋಗೋಣ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಚಹಾ ಮಾಡಿಕೊಟ್ಟೆ, ಕುಡಿದರು. ಮುಂದೊಂದು ಭಾನುವಾರ ನಮ್ಮವರು ಮಾತಿಗೆ ತಪ್ಪದೆ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ, "ಬನ್ನಿ ಮಾವ, ಹಿಮಾಯತ್‌ನಗರ ನೋಡಿಕೊಂಡು ಬರೋಣ" ಎಂದು ಪ್ರೀತಿಯಿಂದಲೇ ಕರೆದರು. ಅಪ್ಪ ಕೈಮುಗಿದು, ಮೊಣಕಾಲು ನೋವು ಐತ್ರಿ ಎಂದರು. ಅಳಿಯನಿಗೆ ಅವರು ಇಲ್ಲ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಚಳಿಗಾಲ ಅವರು ದಾಟಲಿಲ್ಲ.

ಹದಿಮೂರನೆಯ ದಿನ ಊಟವಾದ ಮೇಲೆ ಕಾಚಿಗೂಡದ ಮನೆಯ ಪಡಸಾಲೆಯಲ್ಲಿ ನೆಂಟರೆಲ್ಲ ಸುಮ್ಮನೆ ಕೂತಿದ್ದರು. ಯಾರಾದರೂ ಏನಾದರೂ ಹಗುರವಾದದ್ದು ಮಾತಾಡಲಿ ಎಂದು ಕಾಯುವಂಥ ಹೊತ್ತು. ನಮ್ಮವರು ಗಂಟಲು ಸರಿಮಾಡಿಕೊಂಡು, "ಮಾವನವರಿಗೆ ಒಂದು ಕಥೆ ಅಂದ್ರೆ ಪ್ರಾಣ. ಎಷ್ಟು ನಗ್ತಿದ್ರು ಗೊತ್ತಾ?" ಎಂದು ಶುರು ಮಾಡಿದರು. ಯಾದಗಿರಿ ಬಂದ, ಬೇಸಿಗೆ ಬಂತು, ಬಾಟಲಿ ಬಂತು. ನಾನು ಎಲೆ ಅಡಕೆಯ ತಟ್ಟೆ ಹಿಡಿದು ನಿಂತಿದ್ದೆ.

"ಬಾಟ್ಲಿ ಹಿಡಿದಾವ್ರು ನೀವ್ರಿ" ಎಂದೆ. "ನಾ ಬಲಕ್ಕ ತಿರಗಾಕತ್ತಿದ್ದೆ. ನನಗ ಕುಡಿ ಅಂದ್ರ ಏನಂತ ಅಪ್ಪ ಸೈಕಲ್ ಮ್ಯಾಲೆ ಕೂಡಿಸಿ ಕಲಿಸ್ಯಾರ. ಅವರಿಗೂ ಗೊತ್ತಿತ್ತು. ನಿಮ್ಮ ಸಲುವಾಗಿ ನಕ್ರು."

ಯಾರೋ ಕಿಸಕ್ಕೆಂದರು. ಅಲ್ಲಿಂದ ಹತ್ತಿಕೊಂಡ ನಗು ಇಡೀ ಮನೆ ತುಂಬಿತು. "ಕುಡದಾಕಿ ತಾನು, ಹೆಸರು ಗಂಡಂದು" ಎಂದು ಹಿರಿಯರೊಬ್ಬರು ಕೆಮ್ಮುವ ತನಕ ನಕ್ಕರು. ನಮ್ಮವರೂ ನಕ್ಕರು. ಅವರ ನಗುವಿನಲ್ಲಿ ಕಳ್ಳತನ ಇದೆಯೇ ಎಂದು ನಾನು ಹುಡುಕಿದೆ. ಇರಲಿಲ್ಲ. ಇಷ್ಟು ವರ್ಷ ಹೇಳಿ ಹೇಳಿ ಅವರು ಅದನ್ನು ನಿಜವಾಗಿಯೂ ನಂಬಿಬಿಟ್ಟಿದ್ದರು. ಈಗ ಅವರು ಕಥೆ ಹೇಳಿದಾಗ ಕೊನೆಗೆ ಇದನ್ನೂ ಸೇರಿಸುತ್ತಾರೆ. "ಇನ್ನೂ ಕೇಳಿ, ಇಷ್ಟೆಲ್ಲ ಮಾಡಿ ಬಾಟ್ಲಿ ಹಿಡಿದಿದ್ದು ನಾನೇ ಅಂತಾಳೆ!" ಮೊದಲಿಗಿಂತ ಹೆಚ್ಚು ನಗು ಬರುತ್ತದೆ.

ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಕೀಲಿಯನ್ನು ಮಾಲೀಕರಿಗೆ ಒಪ್ಪಿಸಲು ಒಬ್ಬಳೇ ಹೋಗಿದ್ದೆ. ಕೇಳದೆಯೇ ನನ್ನ ಪಾಲಿಗೆ ಬಂದ ಕೀಲಿ ಅದೊಂದೇ, ಅದನ್ನೂ ಕೊಟ್ಟು ಹೊರಗೆ ಬಂದೆ. ಓಣಿಯ ಬಾಯಲ್ಲಿ ಆಟೋ ಸಿಕ್ಕಿತು. ಕೂಕಟ್‌ಪಲ್ಲಿ ಎನ್ನಲು ಬಾಯಿ ತೆರೆದವಳು ಹಿಮಾಯತ್‌ನಗರ ಎಂದೆ. ನಡುವಯಸ್ಸಿನ ಡ್ರೈವರ್, ಊರಿಗೆ ಹೊಸಬನೆಂದು ಕಾಣುತ್ತದೆ, ಮೊದಲ ತಿರುವಿನಲ್ಲಿ ಗಾಡಿ ನಿಧಾನ ಮಾಡಿ ಹಿಂದಕ್ಕೆ ನೋಡಿದ.

"ಎಟು ಅಮ್ಮಾ?"

ಯಾವ ಕಡೆ ಎಂದು ಕೇಳುತ್ತಿದ್ದ. "ಕುಡಿ" ಎಂದೆ.

ಅವನು ನಗಲಿಲ್ಲ. ಬಲಕ್ಕೆ ತಿರುಗಿಸಿದ.